ಅಪ್ಪಯ್ಯನಿಗೆ ಇ-ರೀಡರ್ ಕೊಡಿಸುವ ಮೊದಲು ‘ಜ್ಯೋತ್ಸ್ನಾ’ ಎಂದು ಬರೆದು ನೋಡಿ

ಪ್ರಶ್ನೆ: ನಮ್ಮ ಮೂಲಮನೆ ಸಿರ್ಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ, ತೋಟದ ತಲೆಯಲ್ಲಿದೆ. ಅಪ್ಪಯ್ಯನಿಗೆ 72. ಓದುವ ಹುಚ್ಚು ಭಾರಿ. ದಿನಕ್ಕೆ ಮೂರು ನಾಲ್ಕು ತಾಸು ಕಾದಂಬರಿ, ಪ್ರಬಂಧ ಅಂತ ಓದುತ್ತಾರೆ, ಎಲ್ಲವೂ ಕನ್ನಡವೇ. ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿದೆ, ಆದರೂ ಸಣ್ಣ ಅಕ್ಷರ ಓದಲು ತ್ರಾಸು. ಮೆತ್ತಿನ ಮೇಲೆ ಸುಮಾರು ಆರುನೂರು ಪುಸ್ತಕಗಳಿವೆ, ಮಳೆಗಾಲ ಬಂತೆಂದರೆ ಬೂಷ್ಟು. ಮನೆಯಲ್ಲಿ ನೆಟ್‌ವರ್ಕ್ ದಣಪೆಯ ಹತ್ತಿರ ನಿಂತರೆ ಮಾತ್ರ ಸಿಗುತ್ತದೆ, ಕರೆಂಟಿನ ಕಥೆ ಹೇಳುವುದೇ ಬೇಡ. ನಾನಿರುವುದು ಕಾರವಾರದಲ್ಲಿ, ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಕಿಂಡಲ್ ಕೊಡಿಸಿಬಿಡಲಾ? ಕೊಡಿಸಿದರೆ ಪುಸ್ತಕಗಳನ್ನು ಯಾವುದಾದರೂ ಶಾಲೆಗೆ ಕೊಡಬಹುದಾ?

ಉತ್ತರ: ಇ-ರೀಡರ್ ಕೊಡಿಸಿ. ಆದರೆ ನಿಮ್ಮ ತಂದೆಯವರ ಓದಿಗೆ ಅಮೆಜಾನ್ ಕಂಪನಿಯ ಕಿಂಡಲ್ ಹೊಂದುವುದಿಲ್ಲ. ಆಂಡ್ರಾಯ್ಡ್ ಮೇಲೆ ನಡೆಯುವ, 7.8 ಇಂಚಿನ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಸಾಧನ ನೋಡಿ. ಪುಸ್ತಕಗಳನ್ನು ಈಗಲೇ ಯಾರಿಗೂ ಕೊಡಬೇಡಿ.

ಅಂಗಡಿಯ ಜಾಲತಾಣ ತೆರೆಯುವ ಮೊದಲು ಒಂದು ಕೆಲಸವಿದೆ. ಮುಂದಿನ ಸಲ ಊರಿಗೆ ಹೋದಾಗ ತಂದೆಯವರನ್ನು ಕೂರಿಸಿಕೊಂಡು, ಅವರು ಈಚೆಗೆ ಓದಿದ ಮತ್ತು ಓದಬೇಕೆಂದಿರುವ ಹತ್ತು ಪುಸ್ತಕಗಳ ಹೆಸರು ಬರೆದುಕೊಳ್ಳಿ. ಕಾರವಾರಕ್ಕೆ ವಾಪಸು ಬಂದಮೇಲೆ ಒಂದೊಂದರ ಮುಂದೆಯೂ ಅದು ಇ-ಪುಸ್ತಕವಾಗಿ ಎಲ್ಲಿ ಸಿಗುತ್ತದೆ ಎಂದು ಹುಡುಕಿ ಗುರುತು ಹಾಕಿ: ಕನ್ನಡದ ಆಪ್‌ನಲ್ಲಿ ಇದೆಯೇ, ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಇದೆಯೇ, ಎಲ್ಲಿಯೂ ಇಲ್ಲವೇ. ಹತ್ತರಲ್ಲಿ ಏಳೆಂಟು ಪುಸ್ತಕ ಎಲ್ಲಿಯೂ ಇಲ್ಲದಿದ್ದರೆ ಸಾಧನಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆಯ ಓದುವ ದೀಪ ಮತ್ತು ಸ್ಟ್ಯಾಂಡ್ ಇರುವ ಭೂತಗನ್ನಡಿ ಕೊಡಿಸುವುದೇ ಸರಿ. ಇ-ರೀಡರ್ ಕೊಂಡು ಡ್ರಾಯರಿನಲ್ಲಿ ಇಟ್ಟವರಲ್ಲಿ ಬಹಳ ಜನ ಈ ಹಾಳೆಯನ್ನು ಬರೆಯದವರು.

ಕಿಂಡಲ್ ಕೆಟ್ಟದ್ದಲ್ಲ. ಇಂಗ್ಲಿಷ್ ಓದುವವರಿಗೆ ಅಷ್ಟು ತಲೆಬಿಸಿ ಇಲ್ಲದ ಸಾಧನ ಇನ್ನೊಂದು ಸಿಗುವುದು ಕಷ್ಟ. ಕನ್ನಡಕ್ಕೆ ಬಂದರೆ ತೊಡಕು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಪ್ರಕಾಶಕರು ಬೇರೆ ದಾರಿ ಹಿಡಿದರು. ಹಾಗಾಗಿ ಹಕ್ಕು ಪಡೆದು ಮಾರುವ ಕನ್ನಡ ಇ-ಪುಸ್ತಕಗಳು ಇವತ್ತು ಮೈಲ್ಯಾಂಗ್‌ನಂಥ ಕನ್ನಡದ ಆಪ್‌ಗಳಲ್ಲಿ ಮತ್ತು ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಸಿಗುತ್ತವೆ. ರಾಜ್ಯ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೂ ಆಪ್ ಇದೆ. ಆಪ್‌ನಲ್ಲಿ ಕೊಂಡ ಪುಸ್ತಕವನ್ನು ಸಾಮಾನ್ಯವಾಗಿ ಆ ಆಪ್‌ನಲ್ಲೇ ಓದಬೇಕು, ಕಿಂಡಲ್‌ಗಾದರೋ ಆಪ್ ಹಾಕಲು ಬರುವುದಿಲ್ಲ. ಬೀಗ ಒಂದು, ಕೀಲಿ ಇನ್ನೊಂದು.

ಇನ್ನು ನಿಮ್ಮಲ್ಲಿರುವ ಕಡತವನ್ನೇ ಸಾಧನಕ್ಕೆ ಹಾಕಿ ಓದಬಹುದಲ್ಲ ಎಂದರೆ, ಅಲ್ಲೇ ಕನ್ನಡದ ನಿಜವಾದ ಪರೀಕ್ಷೆ ಇರುವುದು. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋದರೆ ಪದವಾಯಿತು. ನಮ್ಮಲ್ಲಿ ಹಾಗಾಗುವುದಿಲ್ಲ. ‘ಸೂರ್ಯ’ ಎಂಬ ಪದ ಕಂಪ್ಯೂಟರಿನೊಳಗೆ ಸೂ, ರ, ಹಲಂತದ ಗುರುತು, ಯ ಎಂಬ ಕ್ರಮದಲ್ಲಿ ಕೂತಿರುತ್ತದೆ. ಪರದೆಯ ಮೇಲೆ ಬರುವಾಗ ಆ ‘ರ’ ಜಾಗ ಬಿಟ್ಟು ‘ಯ’ದ ಬಲಕ್ಕೆ ಹೋಗಿ ಅರ್ಕಾವತ್ತಾಗಿ ನಿಲ್ಲಬೇಕು. ‘ಸ್ತ್ರೀ’ಯಲ್ಲಿ ತ ಮತ್ತು ರ ಎರಡೂ ಸ ಕೆಳಗೆ ಇಳಿದು, ದೀರ್ಘ ಬಲಕ್ಕೆ ಸರಿಯಬೇಕು. ಈ ಜೋಡಣೆಯನ್ನು ಮಾಡುವುದು ಫಾಂಟ್ ಒಂದೇ ಅಲ್ಲ. ಓದುವ ತಂತ್ರಾಂಶದೊಳಗಿನ ಜೋಡಣೆ ಎಂಜಿನ್ ಕೂಡ ಸರಿ ಇರಬೇಕು. ಅದು ದುರ್ಬಲವಾಗಿದ್ದರೆ ಎಷ್ಟು ಚಂದದ ಫಾಂಟ್ ಹಾಕಿದರೂ ‘ಸೂರ್‌ಯ’ ಎಂದೇ ಕಾಣುತ್ತದೆ. ಕೊಬೊ ಎಂಬ ಇನ್ನೊಂದು ಇ-ರೀಡರಿನಲ್ಲಿ ಈ ವ್ಯತ್ಯಾಸ ಒಂದೇ ಯಂತ್ರದೊಳಗೆ ಸಿಗುತ್ತದೆ. ಇ-ಪುಸ್ತಕಗಳ ಮಾಮೂಲಿ ರೂಪವಾದ ಇಪಬ್ ಕಡತಕ್ಕೆ ಒಂದು ಎಂಜಿನ್, ಕೊಬೊದ್ದೇ ಆದ ಕೆಪಬ್‌ಗೆ ಇನ್ನೊಂದು. ಮೊದಲನೆಯದರಲ್ಲಿ ಮುರಿದು ಬಿದ್ದ ಕನ್ನಡ ಎರಡನೆಯದರಲ್ಲಿ ನೆಟ್ಟಗಾಗುತ್ತದೆ.

ಆದ್ದರಿಂದ ಯಾವುದೇ ಸಾಧನ ಕೈಗೆ ಸಿಕ್ಕ ದಿನವೇ ಹೀಗೆ ಮಾಡಿ. ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ತೆರೆದು ಈ ಪದಗಳನ್ನು ಯೂನಿಕೋಡಿನಲ್ಲಿ (ಫೋನು, ಜಾಲತಾಣಗಳ ಕನ್ನಡ ಇರುವ ಸಂಕೇತ ಪದ್ಧತಿಯಲ್ಲಿ) ಟೈಪ್ ಮಾಡಿ: ಜ್ಯೋತ್ಸ್ನಾ, ಸ್ತ್ರೀ, ರಾಷ್ಟ್ರ, ಸೂರ್ಯ, ಕರ್ತೃ, ಲಕ್ಷ್ಮೀ, ವಾಙ್ಮಯ, ಬ್ಯಾಂಕ್‌ನಲ್ಲಿ. ಇದೇ ಸಾಲನ್ನು ಹತ್ತು ಸಲ ನಕಲು ಮಾಡಿ ಒಂದು ಪ್ಯಾರಾ ಮಾಡಿ. ಕಡತದ ಪಟ್ಟಿಯಿಂದ ಡೌನ್‌ಲೋಡ್ ಆರಿಸಿ ಇಪಬ್ ರೂಪದಲ್ಲಿ ಇಳಿಸಿಕೊಂಡು ಸಾಧನಕ್ಕೆ ಹಾಕಿ. ನಾಲ್ಕು ಸಂಗತಿ ನೋಡಬೇಕು. ‘ಜ್ಯೋತ್ಸ್ನಾ’ದಲ್ಲಿ ಸ, ನ ಎರಡು ಒತ್ತೂ ಕೆಳಗೇ ಇವೆಯೇ, ಅಥವಾ ಒಂದು ಒತ್ತು ಉದುರಿ ಪೂರ್ಣಾಕ್ಷರವಾಗಿ ಪಕ್ಕಕ್ಕೆ ಬಂದಿದೆಯೇ. ಅರ್ಕಾವತ್ತು ಬಲಗಡೆ ಇದೆಯೇ. ‘ಬ್ಯಾಂಕ್‌ನಲ್ಲಿ’ ಎಂಬಲ್ಲಿ ‘ಕ್’ ಆದಮೇಲೆ ಚೌಕದ ಗುರುತೊಂದು ಕಾಣುತ್ತದೆಯೇ. ಅಲ್ಲಿ ‘ಕ್ನ’ ಎಂದು ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತ ಇರುತ್ತದೆ, ಹಳೆಯ ತಂತ್ರಾಂಶ ಅದನ್ನು ಚೌಕವಾಗಿ ಚಿತ್ರಿಸಿಬಿಡುತ್ತದೆ. ಕೊನೆಯದಾಗಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆಯೇ. ಈ ಕೊನೆಯದು ದೋಷವಲ್ಲ, ಸಾಲಿನ ಅಂತರವನ್ನು 1.5 ಅಥವಾ 1.6ಕ್ಕೆ ಏರಿಸಿದರೆ ಸರಿಹೋಗುತ್ತದೆ. ಮೊದಲ ಮೂರರಲ್ಲಿ ಒಂದು ತಪ್ಪಿದರೂ ಆ ತಂತ್ರಾಂಶ ಬದಲಿಸಿ. ಕೆಒರೀಡರ್ ಎಂಬ ಉಚಿತ ತಂತ್ರಾಂಶ ಆಂಡ್ರಾಯ್ಡಿನಲ್ಲೂ ಕೊಬೊದಲ್ಲೂ ನಡೆಯುತ್ತದೆ. ಅದರ ಜೋಡಣೆ ಎಂಜಿನ್ ಭಾರತೀಯ ಲಿಪಿಗಳನ್ನು ಬಲ್ಲದ್ದು. ಅದನ್ನು ಹಾಕಿಕೊಂಡರೂ ತಪ್ಪು ಉಳಿದರೆ, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಸಾಧನವನ್ನೇ ವಾಪಸು ಕಳಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಆಂಡ್ರಾಯ್ಡ್ ಏಕೆ ಎಂಬುದು ಸ್ಪಷ್ಟವಾಗಿರಬೇಕು. ಆಂಡ್ರಾಯ್ಡಿನಲ್ಲಿ ಕನ್ನಡದ ಜೋಡಣೆ ವ್ಯವಸ್ಥೆಯ ಬುಡದಲ್ಲೇ ಇದೆ, ನಿಮ್ಮ ಫೋನಿನಲ್ಲಿ ಕಾಣುವ ಕನ್ನಡವೇ ಅಲ್ಲೂ ಕಾಣುತ್ತದೆ. ಜೊತೆಗೆ ಕನ್ನಡದ ಆಪ್‌ಗಳೂ ಬರುತ್ತವೆ.

ಈಗ ಅಳತೆ. 7.8 ಇಂಚು ಎಂದದ್ದಕ್ಕೆ ಲೆಕ್ಕವಿದೆ. ಮಾಮೂಲಿ 6 ಇಂಚಿನ ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಪೊರೆ ತೆಗೆಸಿದವರಿಗೆ ಹಿತವಾಗುವ 16 ಪಾಯಿಂಟಿನ ಅಕ್ಷರ ಇಟ್ಟು, ಒತ್ತಕ್ಷರಕ್ಕೆ ಜಾಗ ಬಿಟ್ಟರೆ ಸಾಲಿಗೆ ಮೂರು ನಾಲ್ಕು ಪದ, ಪರದೆಗೆ ಹನ್ನೆರಡು ಸಾಲು. ಎಂದರೆ ನಲವತ್ತು ಚಿಲ್ಲರೆ ಪದ. ಅಚ್ಚಾದ ಕಾದಂಬರಿಯ ಒಂದು ಪುಟದಲ್ಲಿ 250ರ ಆಸುಪಾಸು ಪದ ಇರುತ್ತವೆ. ಅಲ್ಲಿ ಒಂದು ಪುಟ ಓದುವಷ್ಟರಲ್ಲಿ ಇಲ್ಲಿ ಆರು ಸಲ ಪರದೆ ತಟ್ಟಬೇಕು. ಕನ್ನಡದ ಪದಗಳು ಉದ್ದ ಬೇರೆ, ‘ಹೋಗಬೇಕಾಗಿದ್ದುದರಿಂದ’ ಎಂಬುದೊಂದೇ ಅರ್ಧಕ್ಕಿಂತ ಹೆಚ್ಚು ಸಾಲು ನುಂಗುತ್ತದೆ. ಎರಡೂ ಅಂಚಿಗೆ ಸಮ ಮಾಡುವ ವ್ಯವಸ್ಥೆ ಚಾಲೂ ಇದ್ದರೆ ಉಳಿದ ಎರಡು ಪದಗಳ ನಡುವೆ ಹೊಂಡ ಬೀಳುತ್ತದೆ. ಅದನ್ನು ಆಫ್ ಮಾಡಿ ಎಡಕ್ಕೆ ಮಾತ್ರ ಸಮ ಇಡಿ. 7.8 ಇಂಚಿನಲ್ಲಿ ಅಗಲ 12 ಸೆಂಟಿಮೀಟರ್, ಎತ್ತರ 16 ಸೆಂಟಿಮೀಟರ್ ಹತ್ತಿರ. ಅದೇ ಅಕ್ಷರದಲ್ಲಿ ಎಪ್ಪತ್ತರಷ್ಟು ಪದ ಕೂರುತ್ತವೆ. 10.3 ಇಂಚು ಇನ್ನೂ ಸುಖ ಅಲ್ಲವೇ ಎನ್ನಬಹುದು. ಅದು 400 ಗ್ರಾಂ ಆಸುಪಾಸು ತೂಗುತ್ತದೆ, ಜಗುಲಿಯ ಆರಾಮಕುರ್ಚಿಯಲ್ಲಿ ಒಂದು ಕೈಯಲ್ಲಿ ಹಿಡಿದು ಓದುವವರಿಗೆ ಹದಿನೈದು ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ. 7.8 ಇಂಚಿನದು 250 ಗ್ರಾಂ ಆಸುಪಾಸು. ಹೋಲಿಕೆಗೆ, ನಾನೂರು ಪುಟದ ಡೆಮಿ ಅಷ್ಟದ (ಮಾಮೂಲಿ ಕಾದಂಬರಿಯ ಅಳತೆಯ) ಪುಸ್ತಕ ಅರ್ಧ ಕಿಲೋಗೆ ಸಮೀಪ ಬರುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ವಿಷಯದಲ್ಲಂತೂ ಪರದೆಯ ಅಳತೆಯೇ ಎಲ್ಲವೂ. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಇದೆ, ಆದರೆ ಅವೆಲ್ಲ ಪುಟದ ಫೋಟೋಗಳು. ಅಕ್ಷರ ದೊಡ್ಡದು ಮಾಡಿ ಎಂದರೆ ಇಡೀ ಚಿತ್ರ ಹಿಗ್ಗುತ್ತದೆ, ಸಾಲು ಮುರಿದು ಕೆಳಗೆ ಬರುವುದಿಲ್ಲ. ಡೆಮಿ ಅಷ್ಟದ ಪುಟ 14 ಸೆಂಟಿಮೀಟರ್ ಅಗಲ, 21.5 ಎತ್ತರ. ಅಂಚು ಕತ್ತರಿಸಿದರೆ ಅಚ್ಚಿನ ಭಾಗ ಸುಮಾರು 11ಕ್ಕೆ 17. ಇದನ್ನು 6 ಇಂಚಿಗೆ ಇಳಿಸಿದರೆ 12 ಪಾಯಿಂಟಿನ ಅಕ್ಷರ ಎಂಟೂವರೆಗೆ ಕುಗ್ಗುತ್ತದೆ, ಒತ್ತಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. 7.8 ಇಂಚಿನಲ್ಲಿ ಅಚ್ಚಿನಷ್ಟೇ ಅಲ್ಲದಿದ್ದರೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ದಕ್ಕುತ್ತದೆ. ಇನ್ನೂ ದೊಡ್ಡದು ಬೇಕಾದರೆ ಸಾಧನವನ್ನು ಅಡ್ಡ ತಿರುಗಿಸಿ, ಅಂಚು ಕತ್ತರಿಸುವ ಆಯ್ಕೆ ಹಾಕಿ, ಒಂದು ಪುಟವನ್ನು ಎರಡು ಸಲ ಓದಿ. ಆಗ ಅಕ್ಷರ ಅಚ್ಚಿಗಿಂತ ದೊಡ್ಡದಾಗುತ್ತದೆ. ಪದಗಳ ಚಿತ್ರವನ್ನು ಕತ್ತರಿಸಿ ಸಾಲು ಮರುಜೋಡಿಸುವ ಸೌಲಭ್ಯ ಕೆಒರೀಡರ್‌ನಲ್ಲಿ ಇದೆ. ಸಾಲುಗಳ ನಡುವೆ ಬಿಳಿ ಜಾಗ ಚೆನ್ನಾಗಿರುವ ಪುಸ್ತಕಕ್ಕೆ ಮಾತ್ರ ಅದನ್ನು ನಂಬಿ. ಒತ್ತಾಗಿ ಅಚ್ಚಾದ ಹಳೆಯ ಪುಸ್ತಕದಲ್ಲಿ ಒತ್ತಕ್ಷರ ಯಾವ ಸಾಲಿನದು ಎಂದು ತಿಳಿಯದೆ ಅದು ಕತ್ತರಿ ಹಾಕುತ್ತದೆ.

ಆರ್ಕೈವ್‌ನಲ್ಲಿ ಇದೆ ಎಂದಮಾತ್ರಕ್ಕೆ ಎಲ್ಲವೂ ಮುಕ್ತ ಎಂದಲ್ಲ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರ ಬರಹ 2024ರ ಜನವರಿ 1ಕ್ಕೆ ಮುಕ್ತವಾಯಿತು. ಈ ಲೆಕ್ಕ ಹಾಕಿಕೊಂಡು ಇಳಿಸಿಕೊಳ್ಳಿ.

ಪರಿಚಯದ ಲೇಖಕರೋ ಸಣ್ಣ ಪ್ರಕಾಶಕರೋ ಪ್ರೀತಿಯಿಂದ ಕಡತವನ್ನೇ ಕಳಿಸಿಕೊಡುವುದುಂಟು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಆವರಣ, ಆಶ್ಚರ್ಯಸೂಚಕಗಳ ಸಂತೆ! ಕಡತ ಕೆಟ್ಟಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಬರಿ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಆಸ್ಕಿ ಎನ್ನುವ ಈ ಹಳೆಯ ಪದ್ಧತಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಪಠ್ಯ ಹಾಕಿದರೆ ಕಸವೇ ಹೊರಬರುತ್ತದೆ, ಯಾವ ಫಾಂಟಿನದು ಎಂದು ಮೊದಲು ಕೇಳಿಕೊಳ್ಳಿ. ಪರಿವರ್ತಿಸಿದ ಪಠ್ಯವನ್ನು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಇಪಬ್ ಮಾಡಿ. ಹಾಗೆ ಮಾಡುವಾಗ ನೋಟೊ ಸೆರಿಫ್ ಕನ್ನಡದಂಥ ಫಾಂಟನ್ನು ಕಡತದೊಳಗೇ ಸೇರಿಸಿಬಿಟ್ಟರೆ ಸಾಧನದಲ್ಲಿ ಯಾವ ಫಾಂಟ್ ಇದೆ ಎಂಬ ಚಿಂತೆ ಇಲ್ಲ.

ಕಣ್ಣಿನ ವಿಷಯ. ಟ್ಯಾಬ್ ಅಗ್ಗಕ್ಕೆ ಸಿಗುತ್ತದಲ್ಲ, ಅದೇ ಸಾಲದೇ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ಯಾಬಿನ ಪರದೆ ಹಿಂದಿನಿಂದ ಬೆಳಕು ಎಸೆಯುತ್ತದೆ. ಇ-ಇಂಕ್ ಪರದೆಯೊಳಗೆ ಕೂದಲೆಳೆಯ ದಪ್ಪದ ಗುಳಿಗೆಗಳಿವೆ. ಪ್ರತಿ ಗುಳಿಗೆಯಲ್ಲಿ ವಿದ್ಯುತ್ತಿನ ವಿರುದ್ಧ ಗುಣದ ಕರಿ ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ, ಕರೆಂಟ್ ಕೊಟ್ಟಾಗ ಬೇಕಾದ ಬಣ್ಣ ಮೇಲೆ ಬರುತ್ತದೆ. ಬಂದಮೇಲೆ ಅಲ್ಲೇ ನಿಲ್ಲುತ್ತದೆ. ಪುಟ ತಿರುವುವಾಗ ಮಾತ್ರ ಬ್ಯಾಟರಿ ಖರ್ಚು, ಓದುವಾಗ ಕಾಣುವುದು ಕಾಗದದ ಮೇಲೆ ಬಿದ್ದಂಥದೇ ಬೆಳಕು. ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ರಾತ್ರಿಗೆ ಅಂಚಿನಲ್ಲಿರುವ ಪುಟ್ಟ ದೀಪಗಳು ಪರದೆಯ ಮೇಲೆ ಬೆಳಕು ಹರಡುತ್ತವೆ. ಹಳದಿ ಬೆಳಕಿಗೆ ತಿರುಗಿಸುವ ಸೌಲಭ್ಯ ಇರುವುದನ್ನೇ ಆರಿಸಿ, ಇಂಚಿಗೆ 300 ಚುಕ್ಕೆಗಿಂತ ಕಡಿಮೆಯದು ಬೇಡವೇ ಬೇಡ. ಒತ್ತಕ್ಷರದ ಸಣ್ಣ ಸುರುಳಿ 300ರಲ್ಲಿ ಸ್ಪಷ್ಟ, 167ರಲ್ಲಿ ಮಸಿ ಚೆಲ್ಲಿದಂತೆ. ಬಣ್ಣದ ಇ-ಇಂಕ್ ಸದ್ಯಕ್ಕೆ ಬೇಡ. ಅದರ ಬಣ್ಣದ ಪದರದಿಂದ ಬಿಳಿ ಮಂಕಾಗುತ್ತದೆ, ವಯಸ್ಸಾದ ಕಣ್ಣಿಗೆ ಬೇಕಾದ್ದು ಕಪ್ಪು ಬಿಳುಪಿನ ಅಂತರ. ಕನ್ನಡ ಫಾಂಟುಗಳ ಗೆರೆ ಸ್ವಲ್ಪ ತೆಳು, ಆದ್ದರಿಂದ ದಪ್ಪವನ್ನು ಒಂದು ಮೆಟ್ಟಿಲು ಏರಿಸಿ.

ಆಂಡ್ರಾಯ್ಡ್ ಇ-ಇಂಕ್ ಬಂದ ಹಾಗೆಯೇ ಕೈಗೆ ಕೊಟ್ಟರೆ ತಂದೆಯವರು ಎರಡೇ ದಿನದಲ್ಲಿ ಬದಿಗಿಡುತ್ತಾರೆ. ಕಾರವಾರದಲ್ಲೇ ಕೂತು ಸಜ್ಜು ಮಾಡಿ ಕೊಡಿ. ಕೆಲವು ಸಾಧನಗಳಲ್ಲಿ ಪ್ಲೇ ಸ್ಟೋರ್ ತಾನಾಗಿ ಇರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಿ ಸಾಧನದ ಗುರುತನ್ನು ನೋಂದಾಯಿಸಬೇಕು, ಅದಕ್ಕೆ ಒಂದಷ್ಟು ಹೊತ್ತು ಹಿಡಿಯುತ್ತದೆ. ಆಂಡ್ರಾಯ್ಡ್ ಆವೃತ್ತಿ 11ಕ್ಕಿಂತ ಹಳೆಯದಾಗಿದ್ದರೆ ಕೊಳ್ಳಬೇಡಿ, ಆಪ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಓದುವ ಆಪ್‌ನಲ್ಲಿ ಬೆರಳಿಂದ ಜಾರಿಸುವ ಕ್ರಮ ಬಿಟ್ಟು ಪುಟ ತಿರುವುವ ಕ್ರಮ ಆರಿಸಿ, ಜಾರಿಸಿದರೆ ಇ-ಇಂಕ್‌ನಲ್ಲಿ ಅಕ್ಷರದ ನೆರಳು ಉಳಿಯುತ್ತದೆ. ಪುಟ ತಿರುವುವಾಗಿನ ಅನಿಮೇಶನ್ ಆಫ್. ಐದಾರು ಪುಟಕ್ಕೊಮ್ಮೆ ಪರದೆ ಪೂರ್ತಿ ಹೊಸದಾಗುವಂತೆ ಇಡಿ, ಆಗ ಒಮ್ಮೆ ಕಪ್ಪಾಗಿ ಮಿನುಗುತ್ತದೆ. ಅದು ಕೆಟ್ಟುಹೋದ ಲಕ್ಷಣವಲ್ಲ ಎಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ರಾತ್ರಿ ಫೋನ್ ಬರುತ್ತದೆ. ಉಳಿದ ಆಪ್‌ಗಳನ್ನು ಮರೆಮಾಡಿ. ಮುಖ್ಯವಾಗಿ, ಕೊಂಡ ಪುಸ್ತಕಗಳನ್ನು ಕಾರವಾರದ ವೈಫೈಯಲ್ಲೇ ಪೂರ್ತಿ ಇಳಿಸಿ, ಫ್ಲೈಟ್ ಮೋಡ್ ಹಾಕಿ, ಪ್ರತಿಯೊಂದನ್ನೂ ಒಮ್ಮೆ ತೆರೆದು ನೋಡಿ. ಕಪಾಟಿನಲ್ಲಿ ಮುಖಪುಟ ಕಾಣುತ್ತದೆ ಎಂದರೆ ಪುಸ್ತಕ ಇಳಿದಿದೆ ಎಂದರ್ಥವಲ್ಲ. ದೇವಿಮನೆ ಘಟ್ಟ ಹತ್ತಿ ಮನೆ ತಲುಪಿದ ಮೇಲೆ ಇದು ಗೊತ್ತಾದರೆ ದಣಪೆಗೆ ಹೋಗಿ ನಿಲ್ಲುವ ಪಾಳಿ ಅಪ್ಪಯ್ಯನದ್ದು.

ಊರಲ್ಲಿ ಫ್ಲೈಟ್ ಮೋಡಿನಲ್ಲೇ ಇರಲಿ. ಸಿಗದ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ತೀರುತ್ತದೆ. ಪೆಟ್ಟಿಗೆಯ ಮೇಲಿನ ‘ಆರು ವಾರ ಬ್ಯಾಟರಿ’ ಎಂಬ ಮಾತನ್ನು ಬಿಡಿಸಿ ಓದಿ: ದಿನಕ್ಕೆ ಅರ್ಧ ಗಂಟೆ ಓದಿದರೆ, ವೈರ್‌ಲೆಸ್ ಆಫ್ ಇದ್ದರೆ, ಆರು ವಾರ. ಅಂದರೆ ಒಟ್ಟು 21 ತಾಸು. ನಾಲ್ಕು ತಾಸು ಓದುವವರಿಗೆ ಐದು ದಿನ. ಆಂಡ್ರಾಯ್ಡಿನದು ಇನ್ನೂ ಕಡಿಮೆ, ಎರಡು ಮೂರು ದಿನಕ್ಕೊಮ್ಮೆ ಚಾರ್ಜ್ ಎಂದಿಟ್ಟುಕೊಳ್ಳಿ. 10,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದು ಜೊತೆಗಿದ್ದರೆ ಎರಡು ಸಲ ಧಾರಾಳವಾಗಿ ತುಂಬುತ್ತದೆ, ಕರೆಂಟಿಲ್ಲದ ವಾರವೊಂದು ದಾಟುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಸಾಧನ ಸಿಕ್ಕಿಸಲೇಬೇಡಿ, ಪವರ್ ಬ್ಯಾಂಕಿನಿಂದಲೇ ಮಾಡಿ.

ಇ-ರೀಡರ್ ಕೆಡುವುದು ಮಳೆಗಿಂತ ಹೆಚ್ಚಾಗಿ ಒತ್ತಡದಿಂದ. ಪರದೆಯೊಳಗೆ ತೆಳುಗಾಜಿನ ಹಾಳೆ ಇರುತ್ತದೆ. ಬಸ್ಸಿನಲ್ಲಿ ಅದೇ ಚೀಲದೊಳಗೆ ಸ್ಟೀಲ್ ಬಾಟಲಿ ಇದ್ದರೆ ಮುಗಿಯಿತು, ಹೊರಗೆ ಗೀರೂ ಇರುವುದಿಲ್ಲ, ಒಳಗೆ ಜೇಡನ ಬಲೆ. ಪರದೆ ಬದಲಿಸುವ ಖರ್ಚು ಹೊಸ ಸಾಧನದ ಹತ್ತಿರ ಬರುತ್ತದೆ, ಸಿರ್ಸಿಯಲ್ಲೋ ಕಾರವಾರದಲ್ಲೋ ಬಿಚ್ಚಿ ರಿಪೇರಿ ಮಾಡಿಸುವ ಆಸೆ ಬಿಡಿ. ಗಟ್ಟಿ ಮುಚ್ಚಳದ ಕವರ್ ಮೊದಲ ದಿನವೇ ಬೇಕು, ಚರ್ಮದ್ದು ಬೇಡ, ಮಳೆಗಾಲದಲ್ಲಿ ಅದಕ್ಕೂ ಬೂಷ್ಟು. ನೀವು ಅದನ್ನು ಕಾರವಾರದ ಕಡಲತೀರಕ್ಕೆ ಒಯ್ದರೆ ಉಪ್ಪುನೀರಿನ ನೆನಪಿರಲಿ. ನೀರು ತಡೆಯುವ ಮಟ್ಟ ಐಪಿಎಕ್ಸ್8 ಎಂದು ಬರೆದಿದ್ದರೂ ಕಿಂಡಲ್ ಪೇಪರ್‌ವೈಟ್‌ಗೆ ಕಂಪನಿ ಹೇಳುವುದು ಸಿಹಿನೀರಿನಲ್ಲಿ 2 ಮೀಟರ್ ಆಳಕ್ಕೆ 60 ನಿಮಿಷ, ಸಮುದ್ರದ ನೀರಿನಲ್ಲಿ ಕಾಲು ಮೀಟರ್ ಆಳಕ್ಕೆ ಬರೀ 3 ನಿಮಿಷ. ಆಂಡ್ರಾಯ್ಡ್ ಇ-ಇಂಕ್‌ನಲ್ಲಿ ನೀರು ತಡೆಯುವವು ಕಡಿಮೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಓದಬಹುದು, ಪರದೆ ಚೀಲದ ಮೇಲಿಂದಲೂ ಬೆರಳಿಗೆ ಸ್ಪಂದಿಸುತ್ತದೆ. ತೇವ ಇರುವಾಗ ಚಾರ್ಜರ್ ಸಿಕ್ಕಿಸಿದರೆ ಉಪ್ಪು ಸೇರಿ ಯುಎಸ್‌ಬಿ ಬಾಯಿ ಹಸಿರುಗಟ್ಟುತ್ತದೆ.

ಇಷ್ಟೆಲ್ಲ ಹೇಳಿಯೂ ಆರುನೂರು ಪುಸ್ತಕ ಕೊಡಬೇಡಿ ಎಂದದ್ದೇಕೆ? ಮೊದಲ ಕಾರಣ ನಿಮ್ಮ ಆ ಹತ್ತು ಹೆಸರಿನ ಹಾಳೆಯಲ್ಲೇ ಇದೆ, ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಇ-ರೂಪವೇ ಇಲ್ಲ, ಮರುಮುದ್ರಣವೂ ಇಲ್ಲ. ಎರಡನೆಯದು ಒಡೆತನ. ಕೊಂಡ ಇ-ಪುಸ್ತಕ ಓದುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್ ತಾನೇ ಮಾರಿದ್ದ ಕಾದಂಬರಿಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ವಾಪಸು ಕೊಟ್ಟಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೂ ಹೋದವು. ಆಪ್ ಕಂಪನಿ ನಾಳೆ ಬಾಗಿಲು ಹಾಕಿದರೆ ಪಕ್ಕದ ಮನೆಯವರಿಗೆ ಎರವಲು ಕೊಟ್ಟು ಮರೆತ ಪುಸ್ತಕದಷ್ಟೂ ಅದು ಸಿಗುವುದಿಲ್ಲ. ಮೂರನೆಯದು ಓದುವ ಬಗೆ. 2018ರಲ್ಲಿ 54 ಅಧ್ಯಯನಗಳನ್ನು, 1.7 ಲಕ್ಷ ಓದುಗರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ವಿಷಯ ತಿಳಿಯಲು ಓದುವ ಬರಹ ಪರದೆಗಿಂತ ಕಾಗದದ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ ಎಂದು ಕಂಡಿತು. ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಾದಂಬರಿ ಸಾಧನದಲ್ಲಿ, ಹಿಂದೆ ಮುಂದೆ ತಿರುವಿ ನೋಡುವ ನಿಘಂಟು, ವಿಮರ್ಶೆ, ಯಕ್ಷಗಾನ ಪ್ರಸಂಗಗಳು ಕಾಗದದಲ್ಲಿ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಪುಸ್ತಕಗಳಿದ್ದರೆ ಅವು ಮನೆಯ ಆಸ್ತಿ, ಹೊರಗೆ ಹೋಗಬಾರದು.

ಬೂಷ್ಟಿಗೆ ಮದ್ದು ಇದೆ. ಗಾಳಿಯ ತೇವಾಂಶ 65–70 ಶೇಕಡ ದಾಟಿದರೆ ಬೂಷ್ಟು ಬೆಳೆಯುತ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಕೆಲವು ನೂರು ರೂಪಾಯಿಯ ತೇವಾಂಶ ಮಾಪಕ ಒಂದು ತಂದು ಕಪಾಟಿನೊಳಗಿಡಿ, ಊಹೆ ತಪ್ಪುತ್ತದೆ. ಕಪಾಟು ಮಳೆ ಬಡಿಯುವ ಹೊರಗೋಡೆಗೆ ತಾಗಿದ್ದರೆ ಒಳಗೋಡೆಗೆ ಸರಿಸಿ, ಹಿಂದೆ ಮೂರು ಇಂಚು ಗಾಳಿಯಾಡಲು ಬಿಡಿ, ಗೆದ್ದಲಿಗಾಗಿ ಕಾಲುಗಳ ಕೆಳಗೆ ಕಲ್ಲು ಇಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಮೆತ್ತಿನ ಮೇಲಿನದನ್ನೆಲ್ಲ ಉಳಿಸಲು ಆಗದಿದ್ದರೆ ಆಯ್ದ ನೂರನ್ನು ಬಾಗಿಲು ಗಟ್ಟಿಯಾಗಿ ಮುಚ್ಚುವ ಕಬ್ಬಿಣದ ಕಪಾಟಿಗೆ ಸಿಲಿಕಾ ಜೆಲ್ ಜೊತೆ ಹಾಕಿ. ಬಣ್ಣ ಬದಲಾಗುವ ಬಗೆಯ ಜೆಲ್ ತನ್ನಿ, ಬಣ್ಣ ತಿರುಗಿದಾಗ ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ಇಡಬಹುದು. ಹಿಂದೆ ಕಪಾಟಿನ ತಳದಲ್ಲಿ ಝೀರೋ ಬಲ್ಬ್ ಉರಿಸುತ್ತಿದ್ದರು. ಅದು ಕೆಲಸ ಮಾಡುತ್ತಿದ್ದುದು ಬೆಳಕಿನಿಂದಲ್ಲ, ಶಾಖದಿಂದ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ. ತಾಳೆಗರಿಯ ಕಟ್ಟುಗಳಿಗೆ ಬಜೆ ಬೇರು ಇಡುತ್ತಿದ್ದ ಪದ್ಧತಿ ಹುಳಕ್ಕೆ ಸರಿ, ತೇವಕ್ಕಲ್ಲ.

ಹಿಡಿದ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಕಾಗದದೊಳಕ್ಕೆ ಇಳಿಯುತ್ತದೆ. ಒಣಹವೆಯ ದಿನ ಪುಸ್ತಕವನ್ನು ಫ್ಯಾನಿನ ಗಾಳಿಗೆ ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಅಂಗಳಕ್ಕೆ ಒಯ್ದು, ಮಾಸ್ಕ್ ಕಟ್ಟಿಕೊಂಡು ಮೃದುವಾದ ಬ್ರಶ್ಶಿನಿಂದ ಹೊರಮುಖವಾಗಿ ಉಜ್ಜಿ. ಈ ಕೆಲಸ ತಂದೆಯವರಿಗೆ ಬಿಡಬೇಡಿ, ದೂಳು ಎದೆಗೆ ಒಳ್ಳೆಯದಲ್ಲ. ಸೋರಿದ ಮಾಡಿನಿಂದ ನೆನೆದ ಪುಸ್ತಕ ಎರಡು ದಿನದೊಳಗೆ ಒಣಗಬೇಕು. ಅಷ್ಟರಲ್ಲಿ ಆಗದಷ್ಟು ಪುಸ್ತಕ ನೆನೆದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಬೂಷ್ಟು ನಿಲ್ಲುತ್ತದೆ, ಬಿಸಿಲು ಬಂದಾಗ ಒಂದೊಂದಾಗಿ ತೆಗೆದು ಒಣಗಿಸಬಹುದು. ಅಡಿಕೆ ಡ್ರೈಯರ್ ಹೇಗೂ ಇದೆಯಲ್ಲ ಎಂಬ ಯೋಚನೆ ಬಂದೇ ಬರುತ್ತದೆ. ಬೇಡ. ಆ ಬಿಸಿಗೆ ಪುಸ್ತಕದ ಬೆನ್ನಿನ ಅಂಟು ಮೆತ್ತಗಾಗಿ ಹಾಳೆಗಳು ಉದುರುತ್ತವೆ.

ದುಡ್ಡಿನ ಅಂದಾಜಿಗೆ: 7 ಇಂಚಿನ ಕಿಂಡಲ್ ಪೇಪರ್‌ವೈಟ್ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ₹16,999 ಇತ್ತು. ಆಂಡ್ರಾಯ್ಡ್ ಇ-ಇಂಕ್ ಬಹುಪಾಲು ಆಮದು, ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಭಾರತದೊಳಗೆ ವಾರಂಟಿ ಯಾರು ಕೊಡುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಕೊಳ್ಳಬೇಡಿ, ಕೊರಿಯರಿನಲ್ಲಿ ವಾಪಸು ಕಳಿಸಲು ಮೂಲ ಪೆಟ್ಟಿಗೆ ಎತ್ತಿಡಿ. ಕೊಡಿಸಿ ಆರು ತಿಂಗಳಾದ ಮೇಲೆ, ಒಂದು ಮಳೆಗಾಲ ಕಳೆದು, ತಂದೆಯವರೇ ‘ಇದು ಇನ್ನು ಬೇಡ’ ಎಂದು ತೆಗೆದಿಟ್ಟ ಪುಸ್ತಕಗಳನ್ನು ಶಾಲೆಗೋ ಪಂಚಾಯಿತಿ ಗ್ರಂಥಾಲಯಕ್ಕೋ ಕೊಡಿ. ಬೂಷ್ಟು ಉಜ್ಜಿ, ಒಣಗಿಸಿಯೇ ಕೊಡಿ, ಇಲ್ಲವಾದರೆ ಅಲ್ಲಿನ ಕಪಾಟಿಗೂ ಹಬ್ಬುತ್ತದೆ.